ಎಳ್ಳಮಾಸಿಗೆ ಬಂದ ಅನ್ಯಗ್ರಹದವ

ನಮ್ಮ ಕಾರಿನ ಹೊದಿಕೆಯ ಮೇಲೆ ಬದನೆಕಾಯಿ ಎಣಗಾಯಿಯ ಕಲೆ ಇದೆ. ಬೆಳ್ಳಿ ಬಣ್ಣದ ಹೊದಿಕೆ, ಅದರ ನಟ್ಟನಡುವೆ ಅಂಗೈಯಗಲದ ಹಳದಿ ಕಲೆ. ಸೋಪು ಹಚ್ಚಿದೆ, ನಿಂಬೆಹಣ್ಣು ಉಜ್ಜಿದೆ, ಯಾರೋ ಹೇಳಿದರೆಂದು ಹಲ್ಲುಜ್ಜುವ ಪೇಸ್ಟನ್ನೂ ತಿಕ್ಕಿದೆ, ಹೋಗಲಿಲ್ಲ. ಮೊನ್ನೆ ಅಂಗಳದಲ್ಲಿ ಒಣಹಾಕಿದ್ದಾಗ ಪಕ್ಕದ ಮನೆಯ ಗಂಗಕ್ಕ ನಿಂತು ನೋಡಿ, "ಏನ್ರಿ, ಕಾರಿಗೂ ಊಟಕ್ಕ ನೀಡಿದ್ರೇನು?" ಎಂದು ಕೇಳಿದರು. "ಕಾರಿಗಲ್ರಿ, ಬ್ಯಾರೆ ಗ್ರಹದಿಂದ ಬಂದಾಂವಗ" ಅಂದೆ. ಗಂಗಕ್ಕ ಸೆರಗು ಕೊಡವಿ ಒಳಗೆ ಹೋದರು. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ನಾನು ಮುಂಡರಗಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಗ್ರಂಥಪಾಲಕಿ ಎಂದ ಮೇಲೆ ಇವಳು ಸಂಜೆ ಕವಿತೆ ಓದಿ ಕಣ್ಣೊರೆಸಿಕೊಳ್ಳುತ್ತಾಳೆ ಎಂದು ಜನ ನಂಬಿರುತ್ತಾರೆ. ಆ ನಂಬಿಕೆಯನ್ನು ನಾನೂ ಕೆಡಿಸಲು ಹೋಗಿಲ್ಲ. ಖರೆ ಸಂಗತಿ ಏನೆಂದರೆ, ಕೆಲಸ ಮುಗಿಸಿ ಮನೆಗೆ ಬಂದು, ಒಂದು ಬಟ್ಟಲು ಚುರುಮುರಿ ಕಲಸಿಕೊಂಡು, ಅನ್ಯಗ್ರಹದವರು ಬಂದು ಮನುಷ್ಯರನ್ನು ಹೊತ್ತೊಯ್ಯುವ ಸಿನಿಮಾ ಹಾಕಿಕೊಂಡು ಕೂರುವವಳು ನಾನು. ಅದರಲ್ಲೂ ನನಗೆ ಬೇಕಾದದ್ದು ಒಂದೇ ಜಾತಿಯ ಸಿನಿಮಾ. ಅದಕ್ಕೆ ಫೌಂಡ್ ಫೂಟೇಜ್ ಎನ್ನುತ್ತಾರೆ. ಯಾರೋ ಕಾಡಿಗೋ ಹೊಲಕ್ಕೋ ಹೋದರು, ಕ್ಯಾಮೆರಾ ಹಿಡಿದಿದ್ದರು, ಅವರ ಗತಿ ಏನಾಯಿತೋ ತಿಳಿಯದು, ಕ್ಯಾಮೆರಾ ಮಾತ್ರ ಸಿಕ್ಕಿತು, ಅದರಲ್ಲಿದ್ದದ್ದೇ ಈ ಸಿನಿಮಾ ಎಂಬ ಲೆಕ್ಕ. ಎಲ್ಲ ಸುಳ್ಳು ಎಂದು ಗೊತ್ತಿದ್ದೂ ಬೆವರುವ ಸುಖವೇ ಬೇರೆ.

ಇಂಥ ಸಿನಿಮಾಕ್ಕೆ ಒಂದು ಕಟ್ಟುಪಾಡು ಇದೆ. ಮೊದಲು ಕಪ್ಪು ಪರದೆಯ ಮೇಲೆ, ಈ ದೃಶ್ಯಗಳು ಇಂಥಲ್ಲಿ ಸಿಕ್ಕವು, ತೆಗೆದವರು ಸಿಗಲಿಲ್ಲ ಎಂಬ ಬರಹ. ಆಮೇಲೆ ಒಂದಷ್ಟು ಹೊತ್ತು ಸುಮ್ಮನೆ ಹರಟೆ, ನಗು, ಊಟ. ಆಮೇಲೆ ನಾಯಿ ಬೊಗಳುತ್ತದೆ, ದೀಪ ಹೋಗುತ್ತದೆ, ಜೋಳದ ಹೊಲದಲ್ಲಿ ಏನೋ ಸರಿದಾಡುತ್ತದೆ. ಎಲ್ಲರೂ ಓಡುತ್ತಾರೆ, ಕ್ಯಾಮೆರಾ ಕೈಯಲ್ಲೇ ಇರುತ್ತದೆ. ಕೊನೆಗೆ ಅದು ನೆಲಕ್ಕೆ ಬಿದ್ದು, ನಮಗೆ ಬರೀ ಹುಲ್ಲು ಕಾಣುತ್ತದೆ, ಯಾರದೋ ದನಿ ಕೇಳುತ್ತದೆ, ಮುಗಿಯಿತು. ನಮ್ಮ ಮನೆಯವರು ಗಣಿತದ ಮಾಸ್ತರರು, ಲಕ್ಷ್ಮೇಶ್ವರದವರು, ಅಡ್ಡಪ್ರಶ್ನೆ ಅವರ ಹುಟ್ಟುಗುಣ. "ಜೀವಾ ಉಳಿಸಿಕೋಬೇಕಂದ್ರ ಮೊದಲ ಆ ಕ್ಯಾಮೆರಾ ಒಗದು ಓಡಬಾರದೇನು?" ಎಂದು ಪ್ರತಿ ಸಲವೂ ಕೇಳುತ್ತಾರೆ. ನಾನು ಪ್ರತಿ ಸಲವೂ ಟೀವಿಯ ದನಿ ಹೆಚ್ಚಿಸುತ್ತೇನೆ.

ಹಾಗೆ ನೋಡಿದರೆ ನಾನು ನೋಡಿದ ಮೊದಲ ಫೌಂಡ್ ಫೂಟೇಜು ನನ್ನದೇ ಮದುವೆಯ ಕ್ಯಾಸೆಟ್ಟು. ಗದಗಿನಿಂದ ಬಂದ ಶೂಟಿಂಗಿನವನು ಅಕ್ಷತೆಗೆ ಮೊದಲೇ ಊಟಕ್ಕೆ ಕೂತು, ಕ್ಯಾಮೆರಾ ನಿಲ್ಲಿಸುವುದನ್ನು ಮರೆತಿದ್ದ, ಕ್ಯಾಸೆಟ್ಟು ಅಲ್ಲೇ ಮುಗಿದಿತ್ತು. ಅಕ್ಷತೆ ಬೀಳುವ ಗಳಿಗೆ ಅದರಲ್ಲಿಲ್ಲ. ಅದರ ಬದಲು ಒಂದು ಬಾಳೆಎಲೆಯ ಅಂಚು, ಯಾರದೋ ಹೆಬ್ಬೆರಳು, ಮತ್ತು ಮದುಮಗನ ಮೂಗಿನ ಬಗ್ಗೆ ನಮ್ಮ ಸೋದರತ್ತೆಯರ ಸವಿಸ್ತಾರವಾದ ಚರ್ಚೆ ಇದೆ. ಲಕ್ಷ್ಮೇಶ್ವರದ ಬೀಗರನ್ನು ಕೂಡಿಸಿಕೊಂಡು ಅದನ್ನು ಮೊದಲ ಸಲ ನೋಡಿದಾಗ ಆದ ಭಯ, ಆಮೇಲೆ ಯಾವ ಅನ್ಯಗ್ರಹದವನಿಂದಲೂ ನನಗೆ ಆಗಿಲ್ಲ.

ನಮ್ಮ ಭಾಗದಲ್ಲಿ ಇಂಥ ಸಿನಿಮಾ ಯಾಕೆ ನಡೆಯುವುದಿಲ್ಲ ಎಂದು ನಾನು ಬಹಳ ಯೋಚಿಸಿದ್ದೇನೆ. ಆ ಸಿನಿಮಾಗಳಲ್ಲಿ ಕರೆಂಟು ಹೋದರೆ ಎಲ್ಲರೂ ಆಕಾಶ ನೋಡುತ್ತಾರೆ. ನಮ್ಮಲ್ಲಿ ಕರೆಂಟು ಹೋದರೆ ಪಕ್ಕದ ಮನೆ ನೋಡುತ್ತೇವೆ. ಅವರದ್ದೂ ಹೋಗಿದ್ದರೆ ಸಮಾಧಾನ. ಇನ್ನು ಆಕಾಶದಲ್ಲಿ ಕೆಂಪು ದೀಪ ಮಿಣಮಿಣ ಅನ್ನುವುದು. ಕಪ್ಪತಗುಡ್ಡದ ಸಾಲಿಗೆ ಗಾಳಿಯಂತ್ರಗಳು ಬಂದ ಮೇಲೆ ಸಂಜೆಯಾದರೆ ಸಾಕು, ಬಾನಂಚಿಗೆ ಕೆಂಪು ದೀಪಗಳ ಸಾಲೇ ಹೊತ್ತಿ ಆರುತ್ತದೆ. ಅದರ ನಡುವೆ ಖರೆಖರೆ ಹಾರುವ ತಟ್ಟೆ ಬಂದು ನಿಂತರೂ, ಇನ್ನೊಂದು ಕಂಪನಿ ಬಂತು ಅಂದುಕೊಂಡು ನಾವು ಚಹಾ ಕುಡಿಯುತ್ತೇವೆ.

ನನ್ನ ಈ ಹುಚ್ಚು ಮನೆಯಲ್ಲಿ ಒಬ್ಬಳಿಗೆ ಅಂಟಿತು. ಅವಳು ನನ್ನ ಅಣ್ಣ ಫಕ್ಕೀರಪ್ಪನ ಮಗಳು ವಿದ್ಯಾ. ಅಣ್ಣನದು ಅಸುಂಡಿಯಲ್ಲಿ ಒಕ್ಕಲುತನ. ವಿದ್ಯಾ ರಜೆ ಸಿಕ್ಕಾಗಲೆಲ್ಲ ಮುಂಡರಗಿಗೆ ಬಂದು ನನ್ನ ಜೊತೆ ಚುರುಮುರಿ ತಿನ್ನುತ್ತಾ ಈ ಸಿನಿಮಾ ನೋಡಿ ಬೆಳೆದಳು. ಆದರೆ ನಾನು ಅಂಜುವಲ್ಲಿ ಅವಳು ಅಂಜುತ್ತಿರಲಿಲ್ಲ. "ಅತ್ತಿ, ಇಲ್ಲಿ ಎರಡು ತುಣುಕು ಜೋಡಿಸ್ಯಾರ ನೋಡು, ಆ ನಾಯಿ ಬೊಗಳಿದ್ದು ಬ್ಯಾರೆ ದಿವಸ" ಎಂದು ನಿಲ್ಲಿಸಿ ತೋರಿಸುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಮಜಾ ತೆಗೆದುಕೊಳ್ಳುವವಳ ಪಕ್ಕ ಗಡಿಯಾರ ಬಿಚ್ಚಿ ನೋಡುವವಳು ಕೂತರೆ ಹೀಗೇ.

ಡಿಗ್ರಿ ಕೊನೆಯ ವರ್ಷ ನಡೆದಾಗ ವಿದ್ಯಾ ಮನೆಯಲ್ಲಿ ಬಾಯಿಬಿಟ್ಟಳು. ದೀಪಾವಳಿಗೆ ನಾನೂ ತವರಿಗೆ ಹೋಗಿದ್ದೆ. ಊಟದ ನಡುವೆ ಅವಳು, "ಅಪ್ಪಾ, ನಾ ಮೈಸೂರಿಗೆ ಹೋಗಿ ಸಿನಿಮಾ ಎಡಿಟಿಂಗ್ ಕಲೀತೀನಿ" ಅಂದಳು.

ಅಣ್ಣ ತುತ್ತು ನುಂಗಿ, "ಬಿ.ಇಡಿ. ಮಾಡು. ಗದಗಿನ್ಯಾಗ ಐತಿ. ಮುಂಜಾನಿ ಹೋಗಿ ಸಂಜಿಕ ಮನಿಗೆ ಬರ್ತಿ" ಅಂದ.

"ನನಗ ಅದರಾಗ ಮನಸಿಲ್ಲ."

"ಸಿನಿಮಾದಾಗ ಏನೈತಿ? ನಿಮ್ಮತ್ತಿ ನೋಡ್ತಾಳಲಾ, ಹುಲ್ಲಾಗ ಏನೋ ಅಳ್ಳಾಡಿದ್ರ ಚೀರ್ತಾಳ. ಅದನ್ನ ನೋಡಿ ಅಂಜೂವರು ಎಲ್ಯರ ಅದಾರೇನು?"

ನಾನು ಇದಕ್ಕೆ ತಕ್ಕ ಉತ್ತರ ಕೊಡಬಹುದಿತ್ತು. ಆದರೆ ಅಣ್ಣ ಅಂಜುವ ಪೈಕಿ ಅಲ್ಲ ಎನ್ನುವುದು ಊರಿಗೆಲ್ಲ ಗೊತ್ತು. ಸುಗ್ಗಿಯಲ್ಲಿ ಹೊಲ ಕಾಯಲು ಒಬ್ಬನೇ ಮಲಗಿದ್ದಾಗ ತೋಳ ಬಂದು ಎದುರಿಗೆ ನಿಂತಿತ್ತಂತೆ. ಇವನು ಎದ್ದು ಕೂತು ಎಲೆಅಡಿಕೆ ಹಾಕಿಕೊಂಡನಂತೆ. ತೋಳಕ್ಕೇ ಮುಜುಗರವಾಗಿ ಹೊರಟುಹೋಯಿತು ಎಂದು ಅವ್ವ ಈಗಲೂ ಹೇಳುತ್ತಾಳೆ.

ವಿದ್ಯಾ ಸೋಲಲಿಲ್ಲ. "ನಿನ್ನ ಅಂಜಿಸೂವಂಥಾ ಸಿನಿಮಾ ನಾನ ಮಾಡಿದ್ರ?" ಅಂದಳು.

"ಮಾಡು. ನಾ ಅಂಜಿದ್ನೆಂದ್ರ ಮೈಸೂರಿಗೆ ಕಳಸ್ತೀನಿ. ಅಂಜಲಿಲ್ಲಂದ್ರ ಬಾಯಿ ಮುಚಗೊಂಡು ಬಿ.ಇಡಿ. ಮಾಡಬೇಕು. ಆತಿಲ್ಲೋ?"

"ಆತು."

ವೈನಿ, ಅಂದರೆ ಅಣ್ಣನ ಹೆಂಡತಿ, "ಏನ್ ಪಂದ್ಯಾನೋ ಏನೋ, ಅನ್ನ ತಣ್ಣಗಾತು" ಅಂದಳು. ಅಷ್ಟಕ್ಕೆ ಮಾತು ನಿಂತಿತು. ಆದರೆ ನಮ್ಮ ಮನೆಯಲ್ಲಿ ಆಡಿದ ಮಾತಿಗೆ ತಪ್ಪುವ ರೂಢಿ ಇಲ್ಲ. ಆ ಹುಡುಗಿಯ ಮುಂದಿನ ಬದುಕು ಈಗ ನನ್ನ ಅಣ್ಣನನ್ನು ಒಂದು ಸಲ ಬೆದರಿಸುವುದರ ಮೇಲೆ ನಿಂತಿತು.

ಎಳ್ಳಮಾಸಿಗೆ ಕಥೆ ಹೂಡಿದೆವು. ನಿಮಗೆ ಗೊತ್ತಿರಬಹುದು, ನಮ್ಮ ಕಡೆ ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬೆಳೆದು ನಿಂತ ಬಿಳಿಜೋಳದ ನಡುವೆ ಪೂಜೆ ಮಾಡಿ, ಮಾಡಿದ ಅಡಿಗೆಯಲ್ಲಿ ಎಲ್ಲದರದ್ದೂ ಒಂದಿಷ್ಟು ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಮುಂದೆ ಒಬ್ಬರು "ಹುಲ್ಲುಲ್ಲಿಗೋ" ಎನ್ನುತ್ತ ಚರಗ ಎಸೆದರೆ, ಹಿಂದೆ ಒಬ್ಬರು "ಚಲ್ಲಂಬ್ರಿಗೋ" ಎನ್ನುತ್ತ ನೀರು ಚಿಮುಕಿಸುತ್ತಾರೆ. ಹಕ್ಕಿ, ಹುಳ, ಇರುವೆ, ದಾರಿಯಲ್ಲಿ ಹೋಗುವವರು, ಯಾರೂ ಅವತ್ತು ಹಸಿದಿರಬಾರದು. ಜನ ಮೈಮರೆತು ನಗುನಗುತ್ತಿರುವಾಗ ಜೋಳದೊಳಗಿನಿಂದ ಅನ್ಯಗ್ರಹದವನು ಬರಬೇಕು ಎಂಬುದು ವಿದ್ಯಾಳ ಯೋಜನೆ. ಮಧ್ಯಾಹ್ನದ ಬಿಸಿಲಲ್ಲಿ ಅಂಜಿಸುವವಳೇ ನಿಜವಾದ ಜಾಣೆ ಎಂದು ಅವಳ ವಾದ.

ಅನ್ಯಗ್ರಹದವನ ಪಾತ್ರಕ್ಕೆ ನಮ್ಮ ಮನೆಯವರು. ಆರಡಿ ಎತ್ತರ, ಬಡಕಲು ಮೈ, ಹುಟ್ಟಿಸಿದ ದೇವರು ಅರ್ಧ ವೇಷ ಹಾಕಿಯೇ ಕಳಿಸಿದ್ದ. ಉಳಿದರ್ಧಕ್ಕೆ ಕಾರಿನ ಬೆಳ್ಳಿ ಹೊದಿಕೆ. ತಲೆಗೆ ಹೆಲ್ಮೆಟ್ಟು, ಅದರ ಮೇಲೆ ರೊಟ್ಟಿ ಸುತ್ತುವ ಬೆಳ್ಳಿ ಹಾಳೆ, ಕಣ್ಣಿಗೆ ಎರಡು ಕರಿ ಬಟ್ಟಲು. ನಡಿಗೆ ಮನುಷ್ಯರದ್ದಾಗಿರಬಾರದು ಎಂದು ವಿದ್ಯಾ ಅವರನ್ನು ಬಿಂಕದಕಟ್ಟಿಯ ಮೃಗಾಲಯಕ್ಕೆ ಕರೆದುಕೊಂಡು ಹೋಗಿ ಪ್ರಾಣಿಗಳ ನಡಿಗೆಯನ್ನೆಲ್ಲ ತೋರಿಸಿದಳು. ಅವರು ಗಂಭೀರವಾಗಿ ನೋಡಿ ಬಂದು, ಪರೀಕ್ಷಾ ಕೋಣೆಯಲ್ಲಿ ಸುತ್ತು ಹಾಕುವ ತಮ್ಮ ಹಳೆಯ ನಡಿಗೆಯನ್ನೇ ನಡೆದರು.

ಅವ್ವ, ಅಣ್ಣ, ವೈನಿ ಮೂವರಿಗೂ ಏನೂ ಹೇಳಿರಲಿಲ್ಲ. ಹಬ್ಬದ ವಿಡಿಯೋ ಎಂದು ವಿದ್ಯಾ ತನ್ನ ಫೋನು ಹಿಡಿದು ತಿರುಗುತ್ತಿದ್ದಳು. ದೂರದಿಂದ ಎಲ್ಲ ಕಾಣಲಿ ಎಂದು ನನ್ನ ಫೋನನ್ನೂ ಚಾಲು ಮಾಡಿ, ಟ್ರ್ಯಾಕ್ಟರಿನ ಟ್ರಾಲಿಯ ಗಾಲಿಗೆ ಒರಗಿಸಿ, ಮೇಲೆ ನಾಲ್ಕು ದಂಟು ಮರೆಮಾಡಿ ಇಟ್ಟೆವು.

ಅಣ್ಣ ಚರಗದ ಬುಟ್ಟಿ ಹಿಡಿದು ಹೊರಟ. ಹಿಂದೆ ನೀರಿನ ತಂಬಿಗೆ ಹಿಡಿದು ವೈನಿ. ಜೋಳ ಸರಸರ ಅಂದಿತು. ಬೆಳ್ಳಿಯ ದೊಡ್ಡ ಆಕೃತಿ ಎದ್ದು ಬಂದು ಬದುವಿನ ಮೇಲೆ ನಿಂತು ಎರಡೂ ಕೈ ಎತ್ತಿತು. ಗೊತ್ತಿದ್ದ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಅಣ್ಣ ಅದನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಆಮೇಲೆ "ಹುಲ್ಲುಲ್ಲಿಗೋ" ಎಂದು ಒಂದು ಹಿಡಿ ಚರಗ ಅದರ ಕಾಲಬುಡಕ್ಕೂ ಎಸೆದು ಮುಂದೆ ನಡೆದ. ಹಿಂದಿನಿಂದ ವೈನಿ "ಚಲ್ಲಂಬ್ರಿಗೋ" ಎಂದು ಹೆಲ್ಮೆಟ್ಟಿನ ಮೇಲೆ ನೀರು ಚಿಮುಕಿಸಿ ತಾನೂ ನಡೆದಳು.

ಕಂಬಳಿಯ ಮೇಲೆ ಬುತ್ತಿ ಬಿಚ್ಚುತ್ತಿದ್ದ ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಸುಗ್ಗಿಯ ದಿನಗಳಲ್ಲಿ ಹಗಲುವೇಷದವರು ನಮ್ಮ ಊರುಗಳಿಗೆ ಬರುತ್ತಾರೆ. ರಾವಣನೋ ಭೀಮನೋ ಆಗಿ ಬಣ್ಣ ಹಚ್ಚಿಕೊಂಡು ಹಗಲಿನಲ್ಲೇ ಮನೆಮನೆ ತಿರುಗಿ, ಮಾತಾಡಿ, ಹಾಡಿ, ಕಾಳುಕಡಿ ಕೇಳುತ್ತಾರೆ. ಅವ್ವನಿಗೆ ಇವರು ಅವರೇ.

"ಬಾರಪಾ. ಇದ್ಯಾವ ವೇಷ? ಹ್ವಾದ ವರ್ಸ ರಾವಣ ಬಂದಿದ್ದ. ನೀ ಶಿರಹಟ್ಟಿ ಕಡ್ಯಾಂವ ಏನು? ಯಾರ ಪೈಕಿ?"

ಅನ್ಯಗ್ರಹದವನು ಗರ್ಜಿಸಿದ. ಹೆಲ್ಮೆಟ್ಟಿನೊಳಗಿಂದ ಅದು ಕೆಮ್ಮಿನ ಹಾಗೆ ಕೇಳಿತು.

"ಗಂಟಲಾ ಒಣಗೇತಿ ಪಾಪ. ಮಾತು ಆಮ್ಯಾಲ ಹೇಳೀಯಂತ, ಮೊದಲ ಕುಂಡ್ರು, ಉಣ್ಣು" ಎಂದು ಅವ್ವ ಎಲೆ ಹಾಕಿದಳು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಮೇಲೆ ಎರಡು ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ. ನಾನು ದೂರದಿಂದ ಬೇಡ ಬೇಡ ಎಂದು ಕೈಸನ್ನೆ ಮಾಡಿದೆ. ವಿದ್ಯಾ ಫೋನು ಹಿಡಿದೇ ತಲೆ ಅಲ್ಲಾಡಿಸಿದಳು. ಆದರೆ ನಮ್ಮ ಮನೆಯವರು ಬೆಳಗಿನಿಂದ ಜೋಳದಲ್ಲಿ ಅಡಗಿ ಕೂತವರು, ಶೇಂಗಾ ಹೋಳಿಗೆ ಎಂದರೆ ಜೀವ. ಅವರು ಕೂತರು. ಹೆಲ್ಮೆಟ್ಟು ತೆಗೆದರು.

ಅವ್ವ ಮುಖ ನೋಡಿ, ಗಡಬಡಿಸಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಅಯ್ಯ ಶಿವನ, ಅಳಿಯಂದ್ರು. ಮಣ್ಣಾಗ ಕುಂಡ್ರಿಸಿ ಎಲಿ ಹಾಕೀನಲಾ" ಎಂದು ಒದ್ದಾಡಿ ತನ್ನ ಕಂಬಳಿಯನ್ನೇ ಎಳೆಯಹೋದಾಗ ಎಣಗಾಯಿಯ ಡಬ್ಬಿ ಹೊದಿಕೆಯ ಮೇಲೆ ಮಗುಚಿತು. ಅಷ್ಟರಲ್ಲಿ ಬದುವಿನ ಆಚೆ ಹೋಗುತ್ತಿದ್ದ, ನಮ್ಮ ಮನೆಯವರ ಶಾಲೆಯ ಪಾಲಕರೊಬ್ಬರು ಗುರುತು ಹಿಡಿದು, "ನಮಸ್ಕಾರ್ರಿ ಸರ್, ನಮ್ಮ ಹುಡುಗನ ಲೆಕ್ಕಾ ಹೆಂಗೈತ್ರಿ ಈಗ?" ಅಂದರು. ಕಾರಿನ ಹೊದಿಕೆ ಹೊದ್ದುಕೊಂಡೇ ಅವರು, "ಇನ್ನೂ ಸುಧಾರಿಸಬೇಕ್ರಿ" ಎಂದು ಉತ್ತರ ಕೊಟ್ಟರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ವಿದ್ಯಾ ಒಬ್ಬಳು ನಗಲಿಲ್ಲ. ಅವಳ ಮುಖ ನೋಡಿ ನಾನೂ ನಗು ನಿಲ್ಲಿಸಿದೆ. ಊಟವಾದ ಮೇಲೆ ಹಸಿ ಕಡಲೆಯ ಸುಲಗಾಯಿ ಬಿಡಿಸಿ ತಿನ್ನಲು ಅವಳನ್ನು ಪಕ್ಕದ ಹೊಲಕ್ಕೆ ಎಳೆದುಕೊಂಡು ಹೋದೆ. ಗಾಲಿಗೆ ಒರಗಿಸಿಟ್ಟ ಫೋನು ಇಬ್ಬರಿಗೂ ನೆನಪಾಗಲಿಲ್ಲ.

ಮುಂದಿನ ವಾರ ಅವಳು ಮುಂಡರಗಿಗೆ ಬಂದು ನಮ್ಮ ಕಂಪ್ಯೂಟರಿನ ಮುಂದೆ ಕೂತಳು. ಎಷ್ಟು ಕತ್ತರಿಸಿದರೂ ಅನ್ಯಗ್ರಹದವನು ಹೋಳಿಗೆ ತಿನ್ನುತ್ತಲೇ ಇದ್ದ. "ಬಿ.ಇಡಿ. ಗತಿ ಅತ್ತಿ ನನಗ" ಅಂದಳು. ನಾನು ಚಹಾ ಮಾಡಲು ಒಳಗೆ ಹೋದೆ. ಹಿಂತಿರುಗಿ ಬಂದಾಗ ಅವಳು ಅಲುಗಾಡದೆ ಕೂತಿದ್ದಳು. ನನ್ನ ಫೋನು ಆವತ್ತು ತನ್ನಷ್ಟಕ್ಕೆ ತೆಗೆಯುತ್ತಲೇ ಹೋದದ್ದನ್ನು ನೋಡುತ್ತಿದ್ದಳು.

ಪರದೆಯ ಮೇಲೆ ನಾಲ್ಕು ಜೋಳದ ದಂಟು, ಅರ್ಧ ಗಾಲಿ, ಅಣ್ಣನ ಚಪ್ಪಲಿ ಹಾಕಿದ ಒಂದು ಕಾಲು. ಟ್ರಾಲಿಯ ನೆರಳಿಗೆ ಅಣ್ಣ ಮತ್ತು ಅವ್ವ ಬಂದು ಕೂತಿದ್ದರು. ದನಿ ಸ್ಪಷ್ಟವಾಗಿತ್ತು.

"ಯಾಕಪಾ, ಸಪ್ಪಗ ಕುಂತಿ? ಎಲ್ಲಾರೂ ನಗಾಕತ್ತಾರ" ಎಂದು ಅವ್ವ ಕೇಳುತ್ತಾಳೆ.

"ಹುಡಿಗಿ ನನ್ನ ಅಂಜಸಾಕ ಇಷ್ಟೆಲ್ಲಾ ಮಾಡ್ಯಾಳಬೇ."

"ಮತ್ತ, ಅಂಜಿದ್ಯಾ?"

ಚಪ್ಪಲಿ ಹಾಕಿದ ಕಾಲು ಮಣ್ಣು ಕೆದರುತ್ತದೆ. ಆಮೇಲೆ ಅಣ್ಣ, ನಾನು ಹುಟ್ಟಿದಾಗಿನಿಂದ ಕೇಳಿರದ ದನಿಯಲ್ಲಿ ಹೇಳುತ್ತಾನೆ: "ಅದಕ್ಕೇನ ಅಂಜೂದು. ಅಕಿ ಹೋಗ್ತಾಳ ಅನ್ನೂದು ನೆನಸಿದ್ರ ಕೈಕಾಲು ತಣ್ಣಗಾಕ್ಕಾವು. ಗುರತಿಲ್ಲದಾಂವ ಬೆಳ್ಳಿ ಚೀಲ ಹೊತಗೊಂಡು ಬಂದ್ರೂ ನೀ ಯಾರ ಪೈಕಿ ಅಂತ ಕೇಳಿ ಎಲಿ ಹಾಕಿದಿ. ಆ ಊರಾಗ ಅಕಿನ್ನ ಯಾರು ಕೇಳ್ತಾರು? ಜ್ವರಾ ಬಂದು ಮಲಗಿದ್ರ ಬಾಗಲಾ ಬಡಿಯವರು ಯಾರು?"

"ಹಂಗಂತ ಅಕಿ ಮುಂದ ಹೇಳು."

"ಹೇಳಿದ್ರ ಅಕಿ ಹೋಗೂದ ಬಿಡ್ತಾಳ. ನನ್ನ ಅಂಜಿಕಿ ಸಲುವಾಗಿ ಅಕಿ ಮನಿ ಹಿಡದು ಕುಂಡ್ರಬಾರದು. ಅದಕ್ಕ ಪಂದ್ಯಾ ಅಂತ ನೆವ ಹೂಡೀನಿ. ಸೋತ್ಲಂದ್ರ ಪಂದ್ಯಾದಾಗ ಸೋತಂಗಾತು, ಅಪ್ಪ ತಡದಾನ ಅಂತ ಆಗೂದಿಲ್ಲ."

ಚಹಾ ಆರಿಹೋಯಿತು. ವಿದ್ಯಾ ಕಣ್ಣೊರೆಸಿಕೊಂಡು, "ಕೇಳಬಾರದ್ದು ಕೇಳೀವಿ ಅನಸ್ತೈತಿ ಅತ್ತಿ" ಅಂದಳು. ಅಳಿಸಿಬಿಡು ಎನ್ನುವುದೇ ಹಿರಿಯಳಾದವಳ ಧರ್ಮ ಎಂದು ನನಗೆ ಗೊತ್ತಿತ್ತು. ಬಾಯಿಗೆ ಬರಲಿಲ್ಲ. ಅಣ್ಣನ ಮೇಲೆ ಅಷ್ಟು ಪ್ರೀತಿ ಉಕ್ಕಿತ್ತು, ಅದನ್ನು ಅಳಿಸು ಎಂದು ಹೇಗೆ ಹೇಳಲಿ? "ನಿನಗ ತಿಳದಂಗ ಮಾಡು" ಅಂದೆ. ಅವಳು ಏನು ಮಾಡಿದಳೆಂದು ನನಗೂ ಹೇಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅಸುಂಡಿಯ ಮನೆಯಲ್ಲಿ ಎಲ್ಲರೂ ಟೀವಿಯ ಮುಂದೆ ಕೂತೆವು. ಮೊದಲು ಕಪ್ಪು ಪರದೆ. ಅದರ ಮೇಲೆ, "ಈ ದೃಶ್ಯಗಳು ಅಸುಂಡಿಯ ಹೊಲವೊಂದರಲ್ಲಿ ಸಿಕ್ಕವು. ತೆಗೆದವರು ಊಟಕ್ಕೆ ಹೋಗಿದ್ದರು" ಎಂದಿತ್ತು. ಅವಳು ಹೋಳಿಗೆಯನ್ನು ಕತ್ತರಿಸಲು ಹೋಗಿರಲಿಲ್ಲ, ಇಡಿಯಾಗಿ ಇಟ್ಟುಬಿಟ್ಟಿದ್ದಳು. ಅನ್ಯಗ್ರಹದವನು ಬಂದ, ಚರಗ ಬಿತ್ತು, ನೀರು ಬಿತ್ತು, ಎಲೆ ಬಿತ್ತು. ಅಣ್ಣ ತೊಡೆ ತಟ್ಟಿ ನಕ್ಕ. ಅವ್ವ ಸೆರಗು ಎಳೆದುಕೊಂಡದ್ದು ಬಂದಾಗ ಅವ್ವನೇ ಎಲ್ಲರಿಗಿಂತ ಹೆಚ್ಚು ನಕ್ಕಳು. "ಚಲೋ ಮಾಡೀಯವಾ. ಆದ್ರ ಅಂಜಲಿಲ್ಲ ಬಿಡು" ಎಂದು ಅಣ್ಣ ಏಳಲು ಹೊರಟ.

"ಇನ್ನೂ ಐತಿ ಅಪ್ಪಾ. ಕುಂಡ್ರು" ಅಂದಳು ವಿದ್ಯಾ.

ಪರದೆಯ ಮೇಲೆ ನಾಲ್ಕು ದಂಟು, ಅರ್ಧ ಗಾಲಿ, ಒಂದು ಕಾಲು. ಗಾಳಿಯ ಸದ್ದು. ಆಮೇಲೆ ಅವನದೇ ದನಿ. ಅಣ್ಣ ಕೂತಲ್ಲೇ ಕೂತ. ನಾವು ಯಾರೂ ಅವನ ಕಡೆ ತಿರುಗಲಿಲ್ಲ. ವೈನಿ ಮಾತ್ರ, ಅವಳಿಗೂ ಇದು ಹೊಸದು, ಗಂಡನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಪರದೆ ಕಪ್ಪಾಯಿತು.

ವಿದ್ಯಾ ಎದ್ದು ಅವನ ಹತ್ತಿರ ಹೋಗಿ ನೆಲದ ಮೇಲೆ ಕೂತಳು. "ಅಪ್ಪಾ, ಪಂದ್ಯಾ ಬಿಡು. ನೀ ಬ್ಯಾಡಂದ್ರ ನಾ ಹೋಗೂದಿಲ್ಲ" ಅಂದಳು. ಆದರೆ ಅವಳಿಗೆ ಹೋಗಬೇಕಿತ್ತು.

ಅಣ್ಣ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

"ಅಂಜೀನಿ. ಎಲ್ಲಾರೂ ನೋಡ್ಯಾರ, ಇಲ್ಲ ಅನ್ನಾಕ ಬರೂದಿಲ್ಲ. ಮೈಸೂರಿಗೆ ಯಾವತ್ತ ಹೋಗೂದು ಅಂತ ಹೇಳು, ನಾನೂ ಬರ್ತೀನಿ. ಆ ಊರಾಗ ನಾಕು ಮಂದಿಗೆ ನೀ ಯಾರ ಮಗಳು ಅಂತ ಹೇಳಿ ಬರ್ತೀನಿ."